ಹಿಡಿದ ಮಂಗ ಯಾರ ಊರಿಗೆ?

ರಾತ್ರಿ ಹತ್ತರ ಮೇಲೆ ಘಟ್ಟದ ಕಡೆಯ ಯಾವುದಾದರೂ ರಸ್ತೆ ತಿರುವಿನಲ್ಲಿ ನಿಂತು ನೋಡಿ. ಒಂದು ಸಣ್ಣ ಲಾರಿ ಬಂದು ನಿಲ್ಲುತ್ತದೆ. ದೀಪ ಆರುತ್ತದೆ. ಹಿಂದಿನಿಂದ ಬೋನಿನ ಬಾಗಿಲು ತೆಗೆದ ಸದ್ದು. ಇಪ್ಪತ್ತೋ ಮೂವತ್ತೋ ಮಂಗಗಳು ಕತ್ತಲೆಗೆ ಹಾರುತ್ತವೆ. ಲಾರಿ ಬಂದ ದಾರಿಗೇ ವಾಪಸು. ಬೆಳಗಾದರೆ ಆ ತಿರುವಿನ ಕೆಳಗಿನ ಹಳ್ಳಿಯಲ್ಲಿ ಯಾರದೋ ಬಸಳೆ ಚಪ್ಪರ ನೆಲಕ್ಕೆ, ಯಾರದೋ ಮನೆ ಹೆಂಚು ಚೂರು, ಯಾರದೋ ಬಾಳೆಗೊನೆ ಅರ್ಧ.

ಆ ಹಳ್ಳಿಯವರು ತಿಂಗಳೊಂದು ತಡೆದುಕೊಳ್ಳುತ್ತಾರೆ. ಆಮೇಲೆ ಅವರೂ ಚಂದಾ ಎತ್ತುತ್ತಾರೆ. ಮಂಗ ಹಿಡಿಯುವವರನ್ನು ಕರೆಸುತ್ತಾರೆ. ತಲೆಗೆ ಇಷ್ಟು ಎಂದು ಮಾತಾಗುತ್ತದೆ. ಮತ್ತೊಂದು ರಾತ್ರಿ, ಮತ್ತೊಂದು ಲಾರಿ, ಮತ್ತೊಂದು ತಿರುವು.

ಇದು ನಮ್ಮ ಮಲೆನಾಡಿನಲ್ಲಿ ವರ್ಷಗಳಿಂದ ನಡೆದುಕೊಂಡು ಬಂದಿರುವ ವ್ಯಾಪಾರ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಯಾಕೆಂದರೆ ಈ ಸಲ ನಮ್ಮ ಊರಿನಿಂದ ಹೋಯಿತಲ್ಲ, ಅಷ್ಟು ಸಾಕು! ಹೋದ ಮಂಗ ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ. ಬಂದ ಮಂಗ ಎಲ್ಲಿಂದ ಬಂತು ಎಂದು ಕೇಳುವವರು ಮಾತ್ರ ಊರಿಗೆ ಹತ್ತು ಜನ.

ನಗುವ ವಿಷಯವಲ್ಲ

ಹಿತ್ತಿಲಿಗೆ ಮಂಗ ಬಂತು ಎಂದರೆ ಪೇಟೆಯ ಸಾಹೇಬರಿಗೆ ನಗು. "ಎರಡು ಬದನೆಕಾಯಿ ತಿಂದ್ರೆ ತಿನ್ಲಿ ಬಿಡ್ರಿ, ಅದೂ ಒಂದು ಜೀವ ಅಲ್ವಾ?" ಎನ್ನುತ್ತಾರೆ. ಎರಡು ಬದನೆಕಾಯಿ ತಿಂದು ಹೋಗುವ ಮಂಗವನ್ನು ನಾವಂತೂ ಕಂಡಿಲ್ಲ ಸ್ವಾಮಿ. ಅದು ಹತ್ತು ಕೀಳುತ್ತದೆ, ಎರಡು ಕಚ್ಚುತ್ತದೆ, ಉಳಿದದ್ದನ್ನು ಎಸೆಯುತ್ತದೆ, ಹೋಗುವಾಗ ಗಿಡ ಮುರಿಯುತ್ತದೆ. ಅದರ ಕೆನ್ನೆಯೊಳಗೆ ಚೀಲವಿದೆ. ನೀವು ಕೋಲು ಹುಡುಕುವಷ್ಟರಲ್ಲಿ ಚೀಲ ತುಂಬಿಸಿಕೊಂಡು ಮರ ಹತ್ತಿ, ಅಲ್ಲಿ ಆರಾಮವಾಗಿ ಕೂತು ಅಗಿಯುತ್ತದೆ.

ಹಿತ್ತಿಲು ಎಂದರೆ ಏನು? ಎಕರೆಗಟ್ಟಲೆ ತೋಟವಿರುವವರಿಗೆ ಅದು ಲೆಕ್ಕಕ್ಕಿಲ್ಲದ ಜಾಗ ಇರಬಹುದು. ಕೂಲಿನಾಲಿ ಮಾಡಿಕೊಂಡಿರುವ ಮನೆಗೆ ಅದೇ ತರಕಾರಿ ಅಂಗಡಿ. ತೊಂಡೆ, ಹೀರೆ, ಅಲಸಂದೆ, ಮೊಗೆಕಾಯಿ, ನಾಲ್ಕು ಬುಡ ಬಾಳೆ, ಒಂದು ಪಪ್ಪಾಯಿ. ಸಂತೆಗೆ ಹೋಗದೆ ವಾರ ಕಳೆಯುವ ಧೈರ್ಯ ಅದು. ಪಾತ್ರೆ ತೊಳೆದ ನೀರಲ್ಲಿ ಇದನ್ನೆಲ್ಲ ಬೆಳೆಸಿದವರು ಮನೆಯ ಹೆಂಗಸರು. ಮಳೆಗಾಲಕ್ಕೆ ಮೊದಲೇ ಚಪ್ಪರಕ್ಕೆ ಗಳ ಕಡಿಸಿದವರೂ ಅವರೇ. "ಎಂತಕ್ಕೆ ನೆಡೋದು ಮಾರಾಯ್ರೆ, ಮಂಗಕ್ಕಾ?" ಎಂದು ಕೈ ಬಿಟ್ಟವರೂ ಈಗ ಅವರೇ.

ಕೈ ಬಿಟ್ಟರೆ ಹೋಗುವುದು ತರಕಾರಿ ಒಂದೇ ಅಲ್ಲ. ಸೌತೆಬೀಜವನ್ನು ಸಗಣಿ ಬೂದಿ ಸೇರಿಸಿ ಗೋಡೆಗೆ ಮೆತ್ತಿಟ್ಟು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಅಜ್ಜಿಯರು ನಮ್ಮ ಕಡೆ ಇನ್ನೂ ಇದ್ದಾರೆ. ನೆಡದೆ ಇಟ್ಟ ಬೀಜ ಎಷ್ಟು ವರ್ಷ ಮೊಳೆತೀತು? ನಾಲ್ಕು ಮಳೆಗಾಲ ಹಿತ್ತಿಲು ಖಾಲಿ ಬಿದ್ದರೆ ಆ ತಳಿ ಆ ಮನೆಯಲ್ಲಿ ಮುಗಿಯಿತು. ಆಮೇಲೆ ಅಂಗಡಿಯ ಪೊಟ್ಟಣವೇ ಗತಿ. ಅಡಿಕೆಯ ಲುಕ್ಸಾನಿಗೆ ಸಭೆ ಇದೆ, ಮನವಿ ಇದೆ, ಫೋಟೋ ಇದೆ. ಬಸಳೆ ಬುಡಕ್ಕೆ ಬಂದು ಮಹಜರು ಬರೆಯುವ ಅಧಿಕಾರಿ ಯಾರು?

ಕಾಡಿಂದ ಹಿತ್ತಿಲಿಗೆ ಯಾಕೆ ಬಂತು?

"ಮಂಗ ವಿಪರೀತ ಹೆಚ್ಚಾಗಿದೆ" ಎಂಬುದು ಎಲ್ಲರ ಮಾತು. ಹಿತ್ತಿಲಲ್ಲಿ ನಿಂತು ನೋಡಿದರೆ ಹಾಗೇ ಕಾಣುತ್ತದೆ. ಆದರೆ ನಮ್ಮ ಈ ಕೆಂಪು ಮೋರೆಯ, ತಲೆಯ ಮೇಲೆ ಟೋಪಿಯಂತೆ ಕೂದಲಿರುವ ಮಂಗ ಇರುವುದು ದಕ್ಷಿಣ ಭಾರತದಲ್ಲಿ ಮಾತ್ರ. ಜಗತ್ತಿನ ಬೇರೆಲ್ಲೂ ಇಲ್ಲ. ಅಪಾಯದ ಅಂಚಿಗೆ ಸರಿಯುತ್ತಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ದಶಕಗಳ ಕಾಲ ರಸ್ತೆ ಬದಿಯ ಮಂಗಗಳನ್ನು ಎಣಿಸಿದವರು. ಸಾಲುಮರ ಹೋದ ಕಡೆ ಮಂಗಗಳ ಗುಂಪೂ ಹೋಯಿತು ಎಂಬುದು ಅವರ ಲೆಕ್ಕ.

ಹಾಗಾದರೆ ಎರಡೂ ನಿಜ. ಒಟ್ಟು ಮಂಗ ಕಡಿಮೆಯಾಗುತ್ತಿದೆ, ನಮ್ಮ ಹಿತ್ತಿಲಲ್ಲಿ ಜಾಸ್ತಿಯಾಗುತ್ತಿದೆ. ಮಂಗ ಹುಟ್ಟಿ ಹುಟ್ಟಿ ತುಂಬಿಹೋದದ್ದಲ್ಲ, ಜಾಗ ಬದಲಿಸಿದ್ದು. ರಸ್ತೆ ಅಗಲ ಮಾಡಲು ಆಲ, ಗೋಣಿ, ಅತ್ತಿ, ನೇರಳೆ ಉರುಳಿದವು. ಗುಡ್ಡದ ಮೇಲೆ ಅಕೇಶಿಯಾ, ನೀಲಗಿರಿ ನೆಟ್ಟೆವು. ಅಕೇಶಿಯಾ ತೋಪಿನಲ್ಲಿ ಮಂಗಕ್ಕೆ ತಿನ್ನಲು ಏನಿದೆ? ಇತ್ತ ಆಗುಂಬೆಯ ಸೂರ್ಯಾಸ್ತ ನೋಡಲು ಬಂದವರು ಕಾರಿನ ಕಿಟಕಿಯಿಂದ ಬಿಸ್ಕತ್ತು ಎಸೆಯುತ್ತಾರೆ. ದೇವಸ್ಥಾನದ ಮೆಟ್ಟಿಲಲ್ಲಿ ಬಾಳೆಹಣ್ಣು ಸಿಗುತ್ತದೆ. ಪೇಟೆಯ ತಿಪ್ಪೆಯಲ್ಲಿ ಹೋಟೆಲಿನ ಅನ್ನ ಸಿಗುತ್ತದೆ. ಒಮ್ಮೆ ಮನುಷ್ಯನ ಅನ್ನದ ರುಚಿ ಹತ್ತಿದ ಮಂಗ ಕಾಡಿನಲ್ಲಿ ದಿನವಿಡೀ ಎಲೆ, ಕಾಯಿ ಹುಡುಕುತ್ತಾ ಅಲೆಯುತ್ತದೆಯೇ?

ಲಾರಿಯಲ್ಲಿ ಹೇರಿ ಬಿಟ್ಟ ಮಂಗ ದಟ್ಟ ಕಾಡಿಗೆ ಹೋಗಿ ಸನ್ಯಾಸ ತೆಗೆದುಕೊಳ್ಳುವುದಿಲ್ಲ. ಹೊಗೆ ಕಂಡ ಕಡೆ, ನಾಯಿ ಬೊಗಳಿದ ಕಡೆ ನಡೆಯುತ್ತದೆ. ಅಲ್ಲಿ ಊರಿದೆ, ಊರಲ್ಲಿ ಹಿತ್ತಿಲಿದೆ. ಇತ್ತ ನಿಮ್ಮ ಊರಲ್ಲಿ ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬಂದು ಕೂರುತ್ತದೆ. ಕೊಟ್ಟ ಚಂದಾ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ.

ಚೀಲದೊಳಗಿನ ಪಾಪ

ಈ ಗುತ್ತಿಗೆಯ ವ್ಯಾಪಾರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಬಳಿ ಕಂಡೆವು. ರಸ್ತೆ ಬದಿ ಗೋಣಿಚೀಲಗಳು ಬಿದ್ದಿದ್ದವು. ಬಿಚ್ಚಿ ನೋಡಿದರೆ ಮಂಗಗಳು. 38 ಸತ್ತಿದ್ದವು. ಉಸಿರಿದ್ದವಕ್ಕೆ ಅಲ್ಲಿನ ಹುಡುಗರು ನೀರು ಕುಡಿಸಿದರು. ರಾಜ್ಯದ ಹೈಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ಹನುಮ ಜಯಂತಿಗೆ ಪಾನಕ ಕೋಸಂಬರಿ ಹಂಚುವ ನಾಡು ನಮ್ಮದು!

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಓದುಗರು ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಬೋನಿಟ್ಟು ಹಿಡಿಯುವುದು, ಉರುಳು ಹಾಕುವುದು, ಆಮಿಷ ಒಡ್ಡುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ನಮ್ಮ ಈ ಮಂಗ ಮೊದಲನೆಯ ಅನುಸೂಚಿಯಲ್ಲಿದೆ. ಅಂದರೆ ಹುಲಿ, ಆನೆಯ ಸಾಲಿನಲ್ಲಿ. ಆ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಜೈಲು. ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಅನುಮತಿಯಿಲ್ಲದೆ ಊರಿನ ಚಂದಾದಲ್ಲಿ ಮಂಗ ಹಿಡಿಸಿದ ಸಭ್ಯ ಗೃಹಸ್ಥರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಬಿದ್ದಾಗ ಜಗತ್ತಿಗೆ ಗೊತ್ತಾದ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಮನೆಗಳಲ್ಲಿ ಅದು ಮಾಡಿದ ಅನಾಹುತ ಮರೆಯುವಂಥದ್ದಲ್ಲ. ಕಾಯಿಲೆಯನ್ನು ಹೊರುವುದು ಉಣುಗು. ಉಣುಗನ್ನು ಹೊರುವುದು ಮಂಗ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಯಾವ ಕಾಡಿನ ಮಂಗವನ್ನು ಯಾವ ಊರಿನ ತಿರುವಿನಲ್ಲಿ ಸುರಿದಿರಿ, ಅದರ ಮೈಮೇಲೆ ಏನಿತ್ತು ಎಂದು ಲಾರಿಯವನಿಗೆ ಗೊತ್ತೇ? ಹಿಡಿಸಿದವರಿಗೆ ಗೊತ್ತೇ? ತರಕಾರಿ ಉಳಿಸಿಕೊಳ್ಳಲು ಹೋಗಿ ಪಕ್ಕದ ಊರಿಗೆ ರೋಗ ಕಳಿಸುವ ಹಕ್ಕು ಯಾರಿಗೂ ಇಲ್ಲ.

ವಿಷ ಇಡುವವರಿಗೆ, ಸಿಡಿಮದ್ದು ಇಡುವವರಿಗೆ, ಬೇಲಿಗೆ ನೇರ ಕರೆಂಟು ಕೊಡುವವರಿಗೆ ಬುದ್ಧಿ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ, ಮದ್ದಿಗೆ ದನದ ಬಾಯಿ ಸಿಡಿಯುತ್ತದೆ. 2020ರ ಮೇನಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿಯಲ್ಲಿ ಮದ್ದು ಸಿಡಿದ ಗಬ್ಬದ ಆನೆ ಹೊಳೆಯ ನೀರಲ್ಲಿ ನಿಂತೇ ಸತ್ತದ್ದನ್ನು ದೇಶವೇ ನೋಡಿತು. ಕರೆಂಟು ಬೇಲಿಗೆ ಬೆಳಗಿನ ಜಾವ ಹುಲ್ಲಿಗೆ ಹೋದವರೂ ಬಲಿಯಾಗುತ್ತಾರೆ. ಒಂದು ಗೊನೆ ಬಾಳೆಗೆ ಒಂದು ಹೆಣವೇ?

ಹಾಗಾದರೆ ಮಾಡುವುದೇನು?

"ಅದು ಬೇಡ ಇದು ಬೇಡ ಅಂತೀರಲ್ಲ, ಮತ್ತೆ ಎಂತ ಮಾಡೋದು ಹೇಳಿ" ಎಂದು ಕೇಳುವವರಿಗೆ ನಮ್ಮ ಮಲೆನಾಡಿನ ಹಿತ್ತಿಲುಗಳಲ್ಲೇ ಉತ್ತರ ಇದೆ. ಪೂರ್ತಿ ಉತ್ತರವಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಬೆಳೆ ಮನೆಗೆ ಬರುವ ಉತ್ತರ.

ಮೊದಲನೆಯದು, ಬೆದರಿಕೆಯ ಉಪಾಯಗಳನ್ನು ಪೂರ್ತಿ ನಂಬಬೇಡಿ. ಬೆರ್ಚಪ್ಪ, ಡಬ್ಬದ ಸದ್ದು, ಹೊಳೆಯುವ ರಿಬ್ಬನ್ನು, ಪಟಾಕಿ ಎಲ್ಲವೂ ಒಂದು ವಾರದ ಮಾತು. 2019ರಲ್ಲಿ ತೀರ್ಥಹಳ್ಳಿ ತಾಲೂಕಿನ ಕೃಷಿಕರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಜನ ನಕ್ಕರು. ಆ ನಗುವಿನ ಹಿಂದೆ ಎಷ್ಟು ಹತಾಶೆ ಇತ್ತು ಎಂದು ಕೇಳಿದವರು ಕಡಿಮೆ. ಬಣ್ಣದ ಹುಲಿಯೂ ಒಂದು ದಿನ ಬಾಲ ಅಲ್ಲಾಡಿಸುತ್ತದೆ. ಮಂಗ ಅದನ್ನೂ ನೋಡಿಕೊಳ್ಳುತ್ತದೆ. ಬೆದರಿಸುವ ವಸ್ತು ಏನೇ ಇರಲಿ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ. ಬೆಳೆ ಹಣ್ಣಾಗುವ ಹದಿನೈದು ದಿನ ಮಾತ್ರ ಬಳಸಿ, ಉಳಿದ ದಿನ ತೆಗೆದಿಡಿ.

ಎರಡನೆಯದು, ಮುಚ್ಚುವುದು. ಕರಾವಳಿಯಿಂದ ಬರುವ ಹಳೆಯ ಮೀನಿನ ಬಲೆ ಹಿತ್ತಿಲಿನ ಬಡವರ ಕೋಟೆ. ಗಳ ನೆಟ್ಟು ನಾಲ್ಕು ಕಡೆಗೂ ಮೇಲಕ್ಕೂ ಕಟ್ಟಬೇಕು. ಮೇಲೆ ಬಿಟ್ಟರೆ ಮಂಗಕ್ಕೆ ಬಾಗಿಲು ತೆರೆದಿಟ್ಟಂತೆ. ಬಲೆ ಬಿಗಿಯಾಗಿರಲಿ, ಸಡಿಲ ಬಿಟ್ಟರೆ ಹಾವು ಹಕ್ಕಿ ಸಿಕ್ಕಿ ಸಾಯುತ್ತವೆ. ದಿನಕ್ಕೊಮ್ಮೆ ನೋಡಿ. ಇಡೀ ಹಿತ್ತಿಲು ಮುಚ್ಚಲು ಆಗದಿದ್ದರೆ ಮನೆಗೆ ತಾಗಿದ ಒಂದು ಅಂಕಣದಷ್ಟು ಜಾಗ ಮುಚ್ಚಿ, ತೊಂಡೆ, ಬೀನ್ಸು, ಬದನೆ ಅಲ್ಲಿಗೆ ತನ್ನಿ. ಬಾಳೆಗೊನೆಗೆ ಚೀಲ ಕಟ್ಟಿ, ಬಲಿತ ಕೂಡಲೇ ಕಡಿದು ಒಳಗೆ ಹಣ್ಣು ಹಾಕಿ. ಮರದಲ್ಲೇ ಹಣ್ಣಾಗಲಿ ಎಂಬ ಆಸೆಯೇ ಮಂಗಕ್ಕೆ ಕಳಿಸಿದ ಆಮಂತ್ರಣ ಪತ್ರಿಕೆ.

ಮೂರನೆಯದು, ಹೊರಗಿನ ಸಾಲಿಗೆ ಮಂಗ ಅಷ್ಟಾಗಿ ಕೈ ಹಾಕದ್ದನ್ನು ನೆಡುವುದು. ಹಸಿಮೆಣಸು, ಸೂಜಿಮೆಣಸು, ಹಾಗಲ, ಅರಿಶಿನ, ಸುವರ್ಣಗಡ್ಡೆ, ಕೆಸು. ಗೆಲ್ಲುವ ಭರವಸೆ ಇಲ್ಲ, ನಷ್ಟ ಕಡಿಮೆ. ರುಚಿ ನೋಡಲು ಕಿತ್ತು ಬಿಸಾಡುವ ಮಂಗವೂ ಉಂಟು.

ನಾಲ್ಕನೆಯದು, ರಾತ್ರಿಯ ನೆಂಟರು. ಹಂದಿಯ ಕಣ್ಣು ಮಂದ, ಮೂಗು ಚುರುಕು. ಸುತ್ತ ಹಳೆ ಸೀರೆ ಕಟ್ಟಿದರೆ, ಕ್ಷೌರದಂಗಡಿಯ ಕೂದಲು ಹರಡಿದರೆ ಸ್ವಲ್ಪ ದಿನ ದೂರ ನಿಲ್ಲುತ್ತದೆ. ಶಾಶ್ವತಕ್ಕೆ ಬೇಕಾದರೆ ಬ್ಯಾಟರಿಯ ಸೋಲಾರ್ ಬೇಲಿ, ಜನ ಐಬೆಕ್ಸ್ ಎನ್ನುತ್ತಾರಲ್ಲ, ಅದು. ಬಿಟ್ಟು ಬಿಟ್ಟು ಹೊಡೆಯುವ ಅದರ ಏಟಿಗೆ ಪ್ರಾಣಿ ಬೆಚ್ಚುತ್ತದೆ, ಸಾಯುವುದಿಲ್ಲ. ಕೆಳಗಿನ ತಂತಿ ಹಂದಿಯ ಮೂಗಿನ ಮಟ್ಟಕ್ಕಿರಲಿ. ತಂತಿಗೆ ಹುಲ್ಲು ತಾಗಿದರೆ ಏಟು ನೆಲಕ್ಕಿಳಿದು ಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರಲೇಬೇಕು. ಬೇಲಿಯ ಮೇಲೆ ಬಾಗಿದ ಕೊಂಬೆ ಕಡಿಯದಿದ್ದರೆ ಮಂಗಕ್ಕೆ ಅದೇ ಸೇತುವೆ. ಮುಳ್ಳುಹಂದಿ ತೆಂಗು, ಅಡಿಕೆ ಸಸಿಯ ಬುಡ ಕೊರೆಯುವುದಕ್ಕೆ ಬುಡದ ಸುತ್ತ ತಗಡು ಅಥವಾ ಗಟ್ಟಿ ಜಾಲರಿ ಸುತ್ತಿ, ಗೇಣುದ್ದ ಮಣ್ಣೊಳಗೂ ಹೋಗಲಿ.

ಐದನೆಯದೇ ಮುಖ್ಯ. ಒಬ್ಬರ ಹಿತ್ತಿಲು ಒಬ್ಬರಿಂದ ಉಳಿಯುವುದಿಲ್ಲ. ನೀವು ಓಡಿಸಿದ ಗುಂಪು ಪಕ್ಕದ ಮನೆಗೆ, ಅವರು ಓಡಿಸಿದ್ದು ನಿಮ್ಮಲ್ಲಿಗೆ. ಗುಂಪು ಬರುವುದಕ್ಕೂ ಹೊತ್ತುಂಟು. ಹೆಚ್ಚಾಗಿ ಬೆಳಗಿನ ತಿಂಡಿ ಹೊತ್ತಿಗೆ, ಮತ್ತೆ ಮಧ್ಯಾಹ್ನ ಇಳಿದ ಮೇಲೆ. ಆ ಎರಡು ಹೊತ್ತಿಗೆ ಕೇರಿಯ ಮನೆಗಳು ಸರದಿ ಹಾಕಿಕೊಂಡು ಒಬ್ಬರೊಬ್ಬರು ಕಾದರೆ ಸಾಕು. ಮಂಗ ಕಂಡವರು ಮೊಬೈಲಿನಲ್ಲಿ ಒಂದು ಸುದ್ದಿ ಹಾಕಲಿ. ಎಲ್ಲ ಮನೆಯಿಂದಲೂ ಒಟ್ಟಿಗೆ ಜನ, ನಾಯಿ ಹೊರಬಿದ್ದು ಕಾಡಿನ ದಿಕ್ಕಿಗೇ ಓಡಿಸಲಿ. ಈ ಕೇರಿಯಲ್ಲಿ ಸುಲಭದ ತುತ್ತು ಇಲ್ಲ ಎಂಬುದು ಗುಂಪಿನ ಹಿರಿ ಮಂಗಕ್ಕೆ ಮನದಟ್ಟಾಗಬೇಕು. ಅದೇ ಕೇರಿಯ ಒಂದು ಮನೆಯವರು ಪುಣ್ಯ ಬರಲಿ ಎಂದು ಅಂಗಳದಲ್ಲಿ ಬಾಳೆಹಣ್ಣು ಇಟ್ಟರೆ ಉಳಿದವರ ಕಾವಲೆಲ್ಲ ನೀರಿಗೆ ಹೋಮ.

ಸರ್ಕಾರಕ್ಕೆ ನಾಲ್ಕು ಮಾತು

ಕೇರಿಯವರ ಪಾಲು ಇಷ್ಟು. ಇನ್ನು ಕುರ್ಚಿಯಲ್ಲಿರುವವರ ಪಾಲು. 2019-20ರಲ್ಲಿ ನಮ್ಮ ಜಿಲ್ಲೆಯ ಶರಾವತಿ ಹಿನ್ನೀರಿನ ಕಡೆ ಮಂಗನ ಪಾರ್ಕು ಮಾಡುವ ಮಾತು ಜೋರಾಗಿ ಕೇಳಿಬಂತು. ಜಿಲ್ಲೆಯ ಮಂಗಗಳನ್ನೆಲ್ಲ ಒಂದು ಕಡೆ ಕೂಡಿಹಾಕಿ ಹಣ್ಣು ಹಂಪಲು ಹಾಕುತ್ತಾರಂತೆ ಎಂದು ಜನ ಬಾಯಿ ಚಪ್ಪರಿಸಿದರು. ಪಾರ್ಕಿನ ಆಸುಪಾಸಿನವರು ಮಾತ್ರ "ನಮ್ಮ ತಲೆ ಮೇಲೆ ಯಾಕೆ?" ಎಂದರು. ಅವರದೇನು ತಪ್ಪು? ಅದೂ ಲಾರಿಯ ಕಥೆಯೇ, ಲಾರಿ ಸ್ವಲ್ಪ ದೊಡ್ಡದು, ಅಷ್ಟೆ.

ಹಿಮಾಚಲ ಪ್ರದೇಶದವರು ಬೇರೆ ದಾರಿ ಹಿಡಿದರು. 2006-07ರಿಂದ ಮಂಗಗಳಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡುತ್ತಾ ಬಂದು ಒಂದೂವರೆ ಲಕ್ಷ ದಾಟಿಸಿದರು. ಅಲ್ಲಿನ ಮಂಗ ಬೇರೆ ಜಾತಿಯದು, ಫಲ ಕಾಣಲು ವರ್ಷಗಳೇ ಬೇಕು, ರೈತರ ದೂರು ಪೂರ್ತಿ ನಿಂತಿಲ್ಲ ಎಂಬುದೂ ನಿಜ. ಕಡಿಮೆಯಾಗುತ್ತಿರುವ ಜಾತಿಗೆ ಕಂಡಕಂಡಲ್ಲಿ ಕತ್ತರಿ ಹಾಕುವುದೂ ಸಲ್ಲ. ಆದರೆ ಕಾಟ ವಿಪರೀತವಾದ ಪೇಟೆ, ಯಾತ್ರಾಸ್ಥಳಗಳಲ್ಲಿ ತಜ್ಞರು ಎಣಿಕೆ ಮಾಡಿ, ಚಿಕಿತ್ಸೆ ಮಾಡಿ, ಹಿಡಿದಲ್ಲೇ ಬಿಡುವ ಒಂದು ಪ್ರಯೋಗವನ್ನಾದರೂ ನಮ್ಮಲ್ಲಿ ನೆಟ್ಟಗೆ ಮಾಡಿ ನೋಡಬಾರದೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಒಂದು, ಅನುಮತಿ ಕೊಟ್ಟು ಮಂಗ ಹಿಡಿಸಿದರೆ ಎಲ್ಲಿ ಹಿಡಿದರು, ಎಷ್ಟು ಹಿಡಿದರು, ಎಲ್ಲಿ ಬಿಟ್ಟರು ಎಂಬುದನ್ನು ಪಂಚಾಯಿತಿ ಹಲಗೆಯ ಮೇಲೆ ಬರೆಯಿರಿ. ಬಿಡುವ ಊರಿನವರಿಗೆ ಮೊದಲೇ ತಿಳಿಸಿ. ಎರಡು, ಬೇಲಿಗೆ ಕೊಡುವ ಸಹಾಯಧನದಲ್ಲಿ ಹಿತ್ತಿಲಿಗೂ ಒಂದು ಪಾಲಿರಲಿ. ಐದು ಗುಂಟೆಯೂ ಇಲ್ಲದ ಹೆಂಗಸಿಗೆ ಪಹಣಿ ತಾ ಎಂದರೆ ಅವಳು ಎಲ್ಲಿಂದ ತರುತ್ತಾಳೆ? ಮಹಿಳಾ ಸಂಘಗಳ ಮೂಲಕ ಬಲೆ, ಗಳ ಕೊಡಿಸಿದರೆ ಖರ್ಚೂ ಕಡಿಮೆ, ಲೆಕ್ಕವೂ ಸರಿಯಾಗಿರುತ್ತದೆ. ಮೂರು, ಪೇಟೆಯ ತಿಪ್ಪೆಗೆ ಮುಚ್ಚಳ ಹಾಕಿ, ಘಾಟಿಯಲ್ಲಿ ಮಂಗಕ್ಕೆ ತಿನ್ನಿಸುವವರಿಗೆ ಸ್ಥಳದಲ್ಲೇ ದಂಡ ಹಾಕಿ. ನಾಲ್ಕು, ಅಕೇಶಿಯಾ ಕಡಿದ ಜಾಗದಲ್ಲಿ ಮತ್ತೆ ಅಕೇಶಿಯಾ ಬೇಡ. ಅತ್ತಿ, ಹಲಸು, ನೇರಳೆ, ಮುರುಗಲು ನೆಡಿ. ಅವು ಫಲ ಕೊಡುವಾಗ ಈಗಿನ ಅಧಿಕಾರಿಗಳಿಗೆ ನಿವೃತ್ತಿಯಾಗಿರಬಹುದು. ಚಿಂತೆಯಿಲ್ಲ, ಅವರಿಗೂ ಒಂದು ಹಿತ್ತಿಲು ಇರುತ್ತದಲ್ಲ!

ಕೊನೆಗೆ ಒಂದು ಮಾತು ನಮ್ಮ ಓದುಗರಿಗೇ. ನಿಮ್ಮ ಊರಿನಲ್ಲಿ ಚಂದಾ ಪುಸ್ತಕ ಹಿಡಿದು ಯಾರಾದರೂ ಬಂದು, "ಮಂಗ ಹಿಡಿಸ್ತಾ ಇದ್ದೇವೆ, ಮನೆಗೆ ಇಷ್ಟು ಕೊಡಿ" ಎಂದರೆ, ಕೊಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: "ಹಿಡಿದದ್ದನ್ನ ಎಲ್ಲಿ ಬಿಡ್ತೀರಿ?"

ಉತ್ತರ ಬರಲಿಲ್ಲ ಎಂದರೆ ಆ ದುಡ್ಡಿಗೆ ಬಲೆ ತನ್ನಿ.